ನನ್ನ ಮುಖ ನೋಡಿ ಹೇಳು

ನಮ್ಮ ಮನೆಯೊಳಗೇ ಒಂದು ಕೋರ್ಟು ಇತ್ತು. ಅದು ಕೂಡುತ್ತಿದ್ದದ್ದು ಅಡುಗೆಮನೆಗೂ ಹಾಲಿಗೂ ನಡುವಿನ ಹೊಸಿಲಿನ ಹತ್ತಿರ. ಹೊಸಿಲಿನ ಆಚೆ ಅಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಖಾಲಿ ಟಿಫನ್ ಬಾಕ್ಸು ಕೈಯಲ್ಲಿ ಹಿಡಿದು ನಿಂತಿರುತ್ತಿದ್ದಳು. ಈಚೆ ನಾನು, ಇನ್ನೂ ಯೂನಿಫಾರಂ ಬಿಚ್ಚದೆ, ಒಂದು ಸಾಕ್ಸು ಮೇಲೆ, ಒಂದು ಕೆಳಗೆ. ವಿಚಾರಣೆ ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲ.

"ಮೂಲಂಗಿ ಪಲ್ಯ ತಿಂದ್ಯಾ?"

"ತಿಂದೆ."

"ನನ್ನ ಮುಖ ನೋಡಿ ಹೇಳು."

ಅಷ್ಟೇ. ಆಣೆ ಇಲ್ಲ, ಪ್ರಮಾಣ ಇಲ್ಲ, ಏಟು ಮೊದಲೇ ಇಲ್ಲ. ಅಮ್ಮನದು ಸಣ್ಣ ಮುಖ, ಹಣೆಯ ಮೇಲೆ ಸದಾ ಸ್ವಲ್ಪ ಬೆವರು, ಬೈಯುವಾಗಲೂ ನಗುವಾಗಲೂ ಒಂದೇ ರೀತಿ ಇರುವ ಕಣ್ಣು. ಅದನ್ನು ನೋಡಿಕೊಂಡು ಸುಳ್ಳು ಹೇಳಿ ದಕ್ಕಿಸಿಕೊಂಡವರನ್ನು ನಾನು ಕಂಡಿಲ್ಲ. ಸಿಗರೇಟು ಬಿಟ್ಟೆ ಎಂದ ಅಪ್ಪ ಆ ಹೊಸಿಲಲ್ಲಿ ಸಿಕ್ಕಿಬಿದ್ದಿದ್ದ. ಕ್ಲಾಸಿಗೆ ಹೋಗಿದ್ದೆ ಎಂದ ಸೀನಿ ಮಾಮ ಸಿಕ್ಕಿಬಿದ್ದಿದ್ದ. ಸೀನಿ ಮಾಮ ಎಂದರೆ ಅಮ್ಮನ ತಮ್ಮ. ಹಗಲು ರಾಜಾಜಿನಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ಸಂಜೆ ಲಾ ಕಾಲೇಜು, ಊಟ ನಿದ್ದೆ ನಮ್ಮ ಮನೆಯಲ್ಲಿ. ಮಹಡಿಯ ಮೇಲಿನ ಓನರ್ ಮಗ ನವೀನ ಕೂಡ ಈ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟವನೇ. ಹೈಸ್ಕೂಲಿನಲ್ಲಿದ್ದಾಗ ಅವನ ಚೆಂಡು ನಮ್ಮ ತುಳಸಿ ಕುಂಡ ಒಡೆದಿತ್ತು. ನಾನಲ್ಲ ಆಂಟಿ ಎಂದ. ಅಮ್ಮ ತನ್ನ ಆ ಒಂದು ಮಾತು ಅಂದಳು. ಅವನು ಮುಖ ನೋಡಿದ, ತುಟಿ ಕಚ್ಚಿಕೊಂಡ, "ನಾನೇ ಆಂಟಿ" ಎಂದ. ಅಮ್ಮ ಅವನಿಗೆ ಕೋಡುಬಳೆ ಕೊಟ್ಟು ಕಳಿಸಿದಳು. ನನಗೆ ಸೈಕಲ್ ಕಲಿಸಿದ್ದು ಅದೇ ನವೀನ. ಹಿಂದಿನಿಂದ ಸೀಟು ಹಿಡಿದುಕೊಂಡು, "ಬಿಟ್ಟಿಲ್ಲ ಪುಟ್ಟಿ, ಹಿಡ್ಕೊಂಡೇ ಇದೀನಿ" ಎನ್ನುತ್ತಾ ಓಡಿಬರುತ್ತಿದ್ದ. ಬಿಟ್ಟಿರುತ್ತಿದ್ದ. ನನ್ನ ಜೀವನದ ಭಯಗಳಿಗೆಲ್ಲ ಅದೇ ಮೊದಲ ಪಾಠವಿರಬೇಕು.

ಮನೆ ಇದ್ದದ್ದು ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ, ಕಾಮಾಕ್ಷಿಪಾಳ್ಯಕ್ಕೆ ಒಳದಾರಿ ಸಿಗುವ ಕಡೆ. ಓನರ್ ಅಂಕಲ್ ಅವರ ತಾತ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಈಗ ಅಲ್ಲಿ ಎರಡಂತಸ್ತಿನ ಮನೆ, ಕೆಳಗೆ ಬಾಡಿಗೆಯ ಪೋರ್ಷನ್ನು, ಅದರಲ್ಲಿ ನಾವು. ಒಂದು ಹಾಲು, ಒಂದು ರೂಮು, ಒಬ್ಬರು ನಿಂತರೆ ಇನ್ನೊಬ್ಬರು ಪಕ್ಕಕ್ಕೆ ಸರಿಯಬೇಕಾದ ಅಡುಗೆಮನೆ. ಸಂಪಿನಿಂದ ನೀರೆತ್ತುವ ಮೋಟಾರಿನ ಸ್ವಿಚ್ಚು ಮಾತ್ರ ಮೇಲೆ, ಅವರ ಮೆಟ್ಟಿಲಿನ ಪಕ್ಕದಲ್ಲಿ. ಬೆಳಿಗ್ಗೆ ಆ ಮೋಟಾರು ಗುಂಯ್ ಎಂದರೆ ನಮ್ಮ ನಲ್ಲಿಯಲ್ಲಿ ನೀರು. ಇಲ್ಲವಾದರೆ ಅಪ್ಪ ಬಕೆಟ್ ಹಿಡಿದು ಮೆಟ್ಟಿಲ ಕೆಳಗೆ ನಿಂತು, ಜೋರಾಗಿ ಕರೆಯಲು ಸಂಕೋಚಪಟ್ಟು, ಕೆಮ್ಮುತ್ತಿದ್ದ. ಅಪ್ಪ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದ. ಬೀಗ ಹಾಕಿದ ಮೇಲೆ ಹಾಕಿದ್ದೀನೋ ಇಲ್ಲವೋ ಎಂದು ತಿರುಗಿ ಹೋಗಿ ಎಳೆದು ನೋಡುವುದು ಅವನ ಕಸುಬೂ ಹೌದು, ಸ್ವಭಾವವೂ ಹೌದು. ಈಗ ನಾನೂ ಗ್ಯಾಸ್ ಆರಿಸಿದ್ದೀನೋ ಎಂದು ನೋಡಲು ಲಿಫ್ಟಿನಿಂದ ವಾಪಸು ಬರುತ್ತೇನೆ. ಅಪ್ಪ ಬಿಟ್ಟುಹೋದ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು ಇದು.

ಆ ದಿನ ಬೆಳಿಗ್ಗೆ ನಾನು ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದೆ. ಹಾಗಾಗಿ ನಾನು ನೋಡಿದ್ದು ಏನೂ ಇಲ್ಲ, ಕೇಳಿದ್ದು ಮಾತ್ರ: ಮೊದಲು ಅಮ್ಮ ಯಾರನ್ನೋ ಬೈದ ದನಿ, ಆಮೇಲೆ ಕಾರಿನ ಸದ್ದು, ತಿರುವಿನ ಕಡೆಯಿಂದ ಒಂದು ಡಬ್ ಎಂಬ ಶಬ್ದ, ಆಮೇಲೆ ಒಬ್ಬ ಹೆಂಗಸಿನ ಕೂಗು. ಅಮ್ಮ ಒಳಗೆ ಓಡಿಬಂದು ನೀರಿನ ತಂಬಿಗೆ ತೆಗೆದುಕೊಂಡು ಮತ್ತೆ ಓಡಿದಳು. ಅವಳ ಕೈತುಂಬ ರಂಗೋಲಿ ಪುಡಿ ಇತ್ತು, ತಂಬಿಗೆಯ ಮೇಲೆ ಬೆರಳುಗಳು ಬೆಳ್ಳಗೆ ಮೂಡಿದ್ದವು. ಬಿದ್ದಿದ್ದವಳು ಮಹಾದೇವಿ ಎಂಬ ಹೆಂಗಸು. ಬಾಗಲಕೋಟೆ ಕಡೆಯಿಂದ ಬಂದವಳು, ದಿನಾ ನಮ್ಮ ರಸ್ತೆಯಲ್ಲೇ ನಡೆದು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಕಾಲು ಮುರಿದಿತ್ತು. ಗುದ್ದಿದ್ದು ಓನರ್ ಅಂಕಲ್ ಕೊಂಡಿದ್ದ ಹೊಸ ಕಾರು. ಪೊಲೀಸಿನವರು ಬಂದಾಗ ರಸ್ತೆಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಗೇಟಿನೊಳಗೆ ಸರಿದರು. ಅಮ್ಮ ಮಹಾದೇವಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಿಂದ ಸರಿಯಲು ಆಗಲಿಲ್ಲ. ಯಾರಮ್ಮ ಓಡಿಸ್ತಿದ್ದದ್ದು ಎಂದು ಅವರು ಕೇಳಿದರು. ನವೀನ ಎಂದಳು. ಸೌತೆಕಾಯಿ ಏನು ರೇಟು ಎಂದರೆ ಹೇಳುವಷ್ಟೇ ಸಲೀಸಾಗಿ. ಅವರು ನಾಲ್ಕು ಸಾಲು ಬರೆದುಕೊಂಡು ಹೋದರು.

ಆಮೇಲೆ ಒಂದು ವರ್ಷಕ್ಕೂ ಮೇಲೆ ಏನೂ ಆಗಲಿಲ್ಲ. ಏನೂ ಆಗದಿರುವ ಕಾಲವೇ ನಮ್ಮಂಥವರಿಗೆ ಹೆಚ್ಚು ಕಷ್ಟ ಎಂದು ಈಗ ಗೊತ್ತು, ಆಗ ಗೊತ್ತಿರಲಿಲ್ಲ. ನಾನು ನೆಮ್ಮದಿಯಾಗಿ ಮೂಲಂಗಿಯ ಚಿಂತೆಯಲ್ಲಿದ್ದೆ. ಆಮೇಲೊಂದು ಮಧ್ಯಾಹ್ನ ಪೊಲೀಸ್ ಪೇದೆಯೊಬ್ಬರು ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ, ಪುಟ್ಟಿ, ಅಮ್ಮನ್ನ ಕರಿ ಎಂದರು. ಅಮ್ಮ ಬಂದು ಸಹಿ ಹಾಕಿ ಒಂದು ಹಾಳೆ ತೆಗೆದುಕೊಂಡಳು. ಅವರು ನೀರು ಕೇಳಿ ಕುಡಿದು ಹೋದರು. ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಓನರ್ ಆಂಟಿಯ ಕೈ ಹಗ್ಗದ ಮೇಲೆ ಹಾಗೇ ನಿಂತಿತ್ತು.

ಸಂಜೆ ಸೀನಿ ಮಾಮ ಆ ಹಾಳೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಓದಿದ.

"ಸಮನ್ಸ್ ಅಕ್ಕ. ಸಾಕ್ಷಿ ಸಮನ್ಸ್. ಹೋಗ್ಲೇಬೇಕು. ಹೋಗ್ಲಿಲ್ಲ ಅಂದ್ರೆ ವಾರಂಟ್."

"ವಾರಂಟ್ ಅಂದ್ರೆ?" ನಾನು ಕೇಳಿದೆ.

"ಪೊಲೀಸ್ನೋರು ಬಂದು ಕರ್ಕೊಂಡು ಹೋಗ್ತಾರೆ."

"ಅಮ್ಮನ್ನಾ?"

"ಇನ್ನೇನು, ನಿನ್ನನ್ನಾ?"

ಅವನಿಗೆ ಅದು ತಮಾಷೆ. ಕಾಲೇಜಿಗೆ ಸೇರಿದ ಮೇಲೆ ಮೊದಲ ಸಲ ಅವನ ಓದು ಮನೆಯ ಉಪಯೋಗಕ್ಕೆ ಬಂದಿತ್ತು. ಅಪ್ಪ ಹೋಗಿ ಮುಂಬಾಗಿಲ ಚಿಲಕ ಹಾಕಿದೆಯೇ ಎಂದು ನೋಡಿ ಬಂದ. ಅಮ್ಮ ಅಕ್ಕಿ ತೊಳೆಯತೊಡಗಿದಳು.

ಮಾರನೆಯ ದಿನ ಮಾಮ ಅಡುಗೆಮನೆಯ ನೆಲದ ಮೇಲೆ ಕೋರ್ಟು ಹೂಡಿದ. ಅಕ್ಕನಿಗೆ ಯಾರು ಯಾರು ಎಲ್ಲೆಲ್ಲಿ ಕೂರುತ್ತಾರೆ ಎಂದು ಗೊತ್ತಾದರೆ ಭಯ ಹೋಗುತ್ತದೆ ಎಂಬುದು ಅವನ ಲೆಕ್ಕ. ಎತ್ತರದ ಮಣೆಯ ಮೇಲೆ ಕುಕ್ಕರು: ಅದು ನ್ಯಾಯಾಧೀಶರು. ಅದರ ಕೆಳಗೆ ಒಗ್ಗರಣೆ ಡಬ್ಬಿ: ಬೆಂಚ್ ಕ್ಲರ್ಕು. ಎಡಕ್ಕೆ ಲಟ್ಟಣಿಗೆ, ಸರ್ಕಾರಿ ವಕೀಲರು. ಬಲಕ್ಕೆ ಸೌಟು, ಆರೋಪಿಯ ಪರ ವಕೀಲರು. ಹಿಂದೆ ಒಂದು ಆಲೂಗಡ್ಡೆ.

"ಇದು ಆರೋಪಿ. ಅಂದ್ರೆ ನವೀನ. ತಪ್ಪು ಮಾಡಿದಾನೆ ಅಂತಲ್ಲ, ಮಾಡಿದಾನೆ ಅಂತ ಆರೋಪ ಇರೋನು. ತೀರ್ಪು ಬರೋವರೆಗೂ ಅಪರಾಧಿ ಅನ್ನಂಗಿಲ್ಲ. ಫಿರ್ಯಾದಿ ಅಂದ್ರೆ ದೂರು ಕೊಟ್ಟೋರು. ಅಕ್ಕ, ನೀನು ಸಾಕ್ಷಿ." ಅವನು ಬುಟ್ಟಿಯಿಂದ ಒಂದು ಈರುಳ್ಳಿ ತೆಗೆದು ನಡುವೆ ಇಟ್ಟ.

"ನಾನ್ಯಾಕೋ ಈರುಳ್ಳಿ?" ಎಂದಳು ಅಮ್ಮ.

"ಕೇಳಕ್ಕ. ಮೊದಲು ಸರ್ಕಾರಿ ವಕೀಲರು ನಿಂಗೆ ಪ್ರಶ್ನೆ ಕೇಳ್ತಾರೆ. ಅದು ಮುಖ್ಯ ವಿಚಾರಣೆ. ಸುಲಭ. ಆಮೇಲೆ ಆ ಕಡೆ ವಕೀಲರು ಏಳ್ತಾರೆ. ಅದು ಪಾಟೀಸವಾಲು." ಮಾಮ ಸೌಟನ್ನು ಎತ್ತಿಹಿಡಿದ. "ಒಂದೊಂದೇ ಸಿಪ್ಪೆ ಬಿಡಿಸ್ತಾರೆ. ನೀನು ಸುಳ್ಳು ಹೇಳ್ತಿದೀಯ ಅಂತಾರೆ, ನಿನ್ನ ಕಣ್ಣು ಸರಿಯಿಲ್ಲ ಅಂತಾರೆ. ಪೊಲೀಸರಿಗೆ ಹೇಳಿದ್ದು ಒಂದು, ಕೋರ್ಟಲ್ಲಿ ಹೇಳಿದ್ದು ಇನ್ನೊಂದು ಆದ್ರೆ ಪ್ರತಿಕೂಲ ಸಾಕ್ಷಿ ಅಂತಾರೆ. ಆಗ ನಮ್ಮ ಕಡೆ ವಕೀಲರೇ ನಿನ್ನ ಮೇಲೆ ಬೀಳ್ತಾರೆ."

"ಆಮೇಲೆ?" ನಾನು ಕೇಳಿದೆ.

ಅಷ್ಟರಲ್ಲಿ ಅಮ್ಮನಿಗೆ ಹೊತ್ತಾಯಿತು. ಅವಳು ನ್ಯಾಯಾಧೀಶರಿಗೆ ಬೇಳೆ ತುಂಬಿ ಒಲೆಯ ಮೇಲಿಟ್ಟಳು. ಸಾಕ್ಷಿಯನ್ನು ಈಳಿಗೆ ಮಣೆಯ ಮೇಲೆ ಹೆಚ್ಚಿ ಹುಳಿಗೆ ಹಾಕಿದಳು. ಆರೋಪಿಯೂ ಹಿಂದೆಯೇ ಹೋದ. ಮಾಮ ನಕ್ಕ, ಅಪ್ಪ ಕೂಡ ನಕ್ಕ. ನಾನು ಆ ರಾತ್ರಿ ಹುಳಿ ಮುಟ್ಟಲಿಲ್ಲ. ಹೊಟ್ಟೆನೋವು ಎಂದೆ, ಯಾರೂ ಮುಖ ನೋಡಿ ಹೇಳು ಎನ್ನಲಿಲ್ಲ, ಯಾಕೆಂದರೆ ಅದು ಸುಳ್ಳಾಗಿರಲಿಲ್ಲ.

ತಾಲೀಮು ಶುರುವಾಯಿತು. ಇಸ್ತ್ರಿ ಟೇಬಲ್ಲಿನ ಹಿಂದೆ ಅಮ್ಮ, ಅದು ಕಟಕಟೆ. ನನ್ನನ್ನು ನ್ಯಾಯಾಧೀಶೆ ಮಾಡಿ ಮಂಚದ ಮೇಲೆ ಕೂರಿಸಿದರು. ಅಮ್ಮನಿಗೆ ಏನಾದರೂ ಆದರೆ ನಾನೇ ಕೊಟ್ಟ ಶಿಕ್ಷೆಯಾಗಿಬಿಡುತ್ತದೆ ಎಂದು ಹೆದರಿ ನಾನು ಅಲ್ಲಿಂದ ಬಾಯೇ ತೆರೆಯುತ್ತಿರಲಿಲ್ಲ. ಅಮ್ಮನಿಗೆ ಹೇಳಬೇಕಾದದ್ದೆಲ್ಲ ಗೊತ್ತಿತ್ತು. ಆದರೆ ಅವಳು ಯಾವಾಗ ಹೇಳಿದರೂ ರಂಗೋಲಿಯಿಂದ ಶುರುಮಾಡುತ್ತಿದ್ದಳು.

"ಅವತ್ತು ಚುಕ್ಕಿ ಇಟ್ಟು ಇನ್ನೂ ಎಳೆ ಎಳೀತಿದ್ದೆ. ಇವನು ಗೇಟಿಂದ ಕಾರು ತೆಗೆದೋನು ಚಕ್ರ ನನ್ನ ರಂಗೋಲಿ ಮೇಲೇ ಹತ್ತಿಸ್ದ. 'ಏ ನವೀನ, ಕಣ್ಣು ಕಾಣಲ್ವೇನೋ' ಅಂತ ಬೈದೆ. ಗಾಜು ಇಳಿಸಿ 'ಸಾರಿ ಆಂಟಿ' ಅಂದು ಹಾಗೇ ಜೋರಾಗಿ ಹೋದ. ಆ ತಿರುವಲ್ಲಿ..."

"ಅಕ್ಕ, ಅಕ್ಕ, ನಿಲ್ಸು. ರಂಗೋಲಿ ಯಾಕೆ ಬೇಕು ಕೋರ್ಟಿಗೆ? ಅಪ್ರಸ್ತುತ ಅಂತಾರೆ. ಆ ಕಡೆಯೋರು ರಂಗೋಲೀಲಿ ಮುಳುಗಿದ್ದೋಳು ಕಾರು ಎಲ್ಲಿ ನೋಡಿದ್ಲು ಅಂತ ಹಿಡ್ಕೋತಾರೆ. ಕೇಳಿದ್ದಕ್ಕೆ ಮಾತ್ರ ಉತ್ತರ. 'ಸದರಿ ವಾಹನವನ್ನು ಆರೋಪಿಯು ಅತಿವೇಗ ಹಾಗೂ ಅಜಾಗರೂಕತೆಯಿಂದ ಚಾಲನೆ ಮಾಡುತ್ತಿದ್ದುದನ್ನು ನಾನು ಕಂಡೆನು.' ಹೇಳು."

ಅಮ್ಮ ಹೇಳಿದಳು. ಸೊಪ್ಪು ಬಿಡಿಸುತ್ತಾ ಹೇಳಿದಳು, ಬಟ್ಟೆ ಜಾಲಿಸುತ್ತಾ ಹೇಳಿದಳು. ಸದರಿ, ಅಜಾಗರೂಕತೆ, ಚಾಲನೆ. ಅವಳ ಬಾಯಲ್ಲಿ ಆ ಮಾತುಗಳು ಬೇರೆಯವರ ಚಪ್ಪಲಿ ಹಾಕಿಕೊಂಡವರ ಹಾಗೆ ಎಡವುತ್ತಿದ್ದವು. ಒಂದು ವಾರದಲ್ಲಿ ರಂಗೋಲಿ ಪೂರ್ತಿ ಅಳಿಸಿಹೋಯಿತು.

ಆ ದಿನಗಳಲ್ಲಿ ನಮ್ಮ ನಲ್ಲಿಯಲ್ಲಿ ನೀರಿಗೆ ಏನೂ ಕಡಿಮೆ ಇರಲಿಲ್ಲ. ಅಪ್ಪ ಕೆಮ್ಮುವ ಮೊದಲೇ ಮೋಟಾರು ಗುಂಯ್ ಎನ್ನುತ್ತಿತ್ತು. ಅದರಷ್ಟು ಹೆದರಿಕೆಯ ಸದ್ದನ್ನು ನಾನು ಇನ್ನೂ ಕೇಳಿಲ್ಲ. ಓನರ್ ಆಂಟಿ ಅವರೆಕಾಳು ಬಿಡಿಸಿ ಡಬ್ಬಿ ತುಂಬ ಕೊಟ್ಟರು. ಕೊನೆಗೆ ಒಂದು ಭಾನುವಾರ ಓನರ್ ಅಂಕಲ್ ತಾವೇ ಇಳಿದುಬಂದು ನಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಅವರು ಎಂದೂ ನಮ್ಮ ಮನೆಯೊಳಗೆ ಕೂತವರಲ್ಲ.

"ನಾಗರಾಜು, ನಿಮ್ಮನ್ನ ನಾವು ಯಾವತ್ತಾದ್ರೂ ಬಾಡಿಗೆಯೋರು ಅಂತ ನೋಡಿದೀವಾ?"

"ಅಯ್ಯೋ, ಇಲ್ಲ ಸಾರ್," ಎಂದ ಅಪ್ಪ.

"ಲಾಯರ್ರು ಎಲ್ಲಾ ನೋಡ್ಕೋತಾರೆ. ಓಡಿಸಿದ್ದು ನಮ್ಮ ಡ್ರೈವರ್ರು ಅಂತಾರೆ. ಅವನು ಕೆಲಸ ಬಿಟ್ಟು ಹೊರಟೋದ. ಪುಟ್ಟಿ ಅಮ್ಮ ಏನೂ ಸುಳ್ಳು ಹೇಳೋದು ಬೇಡ. ಬೆಳಗಿನ ಹೊತ್ತು, ಮಬ್ಬು, ಸರಿಯಾಗಿ ಕಾಣಿಸ್ಲಿಲ್ಲ ಅಂದ್ರೆ ಸಾಕು. ಹುಡುಗ ಕಣಮ್ಮ. ಇನ್ನೂ ಓದ್ತಾ ಇದಾನೆ. ನಿಮ್ಮ ಕೈತುತ್ತು ತಿಂದೋನು."

ಅವರ ದನಿಯಲ್ಲಿ ಬೆದರಿಕೆ ಒಂದು ಸಾಸಿವೆಯಷ್ಟೂ ಇರಲಿಲ್ಲ. ಕಣ್ಣಲ್ಲಿ ನೀರಿತ್ತು. ಅವರು ಎದ್ದು ಹೋದ ಮೇಲೆ ಅಪ್ಪ ಅಮ್ಮ ಜಗಳವಾಡಿದರು. ನಮ್ಮ ಮನೆಯ ಜಗಳಗಳು ಮೇಲಕ್ಕೆ ಕೇಳಬಾರದೆಂದು ಪಿಸುಮಾತಿನಲ್ಲಿ ನಡೆಯುತ್ತಿದ್ದವು, ಹಾಗಾಗಿ ಇನ್ನೂ ಭಯಂಕರವಾಗಿ ಕೇಳುತ್ತಿದ್ದವು.

"ಕಾಣಿಸ್ಲಿಲ್ಲ ಅಂದ್ಬಿಡೇ. ಎಲ್ಲಿಗೆ ಹೋಗೋಣ ಈ ಮನೆ ಬಿಟ್ಟು? ಪುಟ್ಟಿ ಸ್ಕೂಲು?"

"ಕಾಣಿಸ್ತಲ್ಲ ರೀ."

"ನಿಂಗೊಬ್ಳಿಗೇ ಯಾಕೆ ಕಾಣಿಸ್ಬೇಕಿತ್ತು!"

"ಆ ಹೆಂಗಸಿನ ಕಾಲು ನನ್ನ ಕಣ್ಣ ಮುಂದೇ ಇತ್ತು ರೀ. ತಿರುಗ್ಕೊಂಡು ಬೇರೆ ಕಡೆ ನೋಡ್ತಿತ್ತು."

ನಾನು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿ ನನ್ನದೇ ಲೆಕ್ಕ ಹಾಕುತ್ತಿದ್ದೆ. ಅಮ್ಮ ಹೌದು ಎಂದರೆ ನವೀನ ಜೈಲಿಗೆ, ನಾವು ಬೀದಿಗೆ. ಇಲ್ಲ ಎಂದರೆ ಪ್ರತಿಕೂಲ ಸಾಕ್ಷಿ, ಅಮ್ಮ ಜೈಲಿಗೆ. ಹೋಗದಿದ್ದರೆ ವಾರಂಟ್. ಯಾವ ಕಡೆಯಿಂದ ಕೂಡಿದರೂ ಉತ್ತರ ಒಂದೇ ಬರುವ ಲೆಕ್ಕ ಅದು. ಅಮ್ಮ ಏನು ಹೇಳುತ್ತಾಳೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳಲ್ಲ ಎಂದು.

ಕೋರ್ಟಿಗೆ ಎಲ್ಲರೂ ಹೋದೆವು. ನನಗೆ ಸ್ಕೂಲು ರಜೆ, ಬಿಟ್ಟುಹೋಗಲು ಜಾಗವಿಲ್ಲ. ಅದುವರೆಗೂ ನನ್ನನ್ನು ಬಿಟ್ಟುಹೋಗುತ್ತಿದ್ದದ್ದು ಮೇಲೆ, ಓನರ್ ಆಂಟಿಯ ಹತ್ತಿರ. ಅಮ್ಮ ಮದುವೆಗಳಿಗೆ ಉಡುವ ಹಸಿರು ಸೀರೆ ಉಟ್ಟಿದ್ದಳು. ಅಪ್ಪ ವರಾಂಡದ ಕಂಬದ ಹತ್ತಿರವೇ ನಿಂತುಬಿಟ್ಟ, ಒಳಗೆ ಬರಲಿಲ್ಲ. ಸೀನಿ ಮಾಮ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದ. ನನ್ನ ಪಕ್ಕದಲ್ಲಿ ಊರುಗೋಲು ಇಟ್ಟುಕೊಂಡು ಕೂತಿದ್ದವಳು ಮಹಾದೇವಿ. ಅವಳ ಸಾಕ್ಷಿ ಹಿಂದಿನ ವಾಯಿದೆಯಲ್ಲೇ ಮುಗಿದಿತ್ತು. ಗುದ್ದಿದ್ದು ಹಿಂದಿನಿಂದ, ಓಡಿಸುತ್ತಿದ್ದವರನ್ನು ನೋಡಲಿಲ್ಲ ಎಂದು ಅವಳು ನಿಜವನ್ನೇ ಹೇಳಿದ್ದಳಂತೆ. ಹಾಗಾಗಿ ಕಣ್ಣಾರೆ ಕಂಡವಳು ಎಂದು ಇದ್ದದ್ದು ಅಮ್ಮ ಒಬ್ಬಳೇ.

"ಅಂಜಬ್ಯಾಡವ್ವಾ," ಎಂದಳು ನನ್ನ ಮಂಡಿ ಮುಟ್ಟಿ. "ನಿಮ್ಮವ್ವಗ ಏನೂ ಆಗೂದಿಲ್ಲ. ನಾನೂ ಅಲ್ಲೇ ನಿಂತು ಬಂದೀನಿ."

ನಾನು ಸುತ್ತಿಗೆ ಹುಡುಕುತ್ತಿದ್ದೆ. ಟೀವಿಯಲ್ಲಿ ನ್ಯಾಯಾಧೀಶರು ಕುಟ್ಟುವ ಮರದ ಸುತ್ತಿಗೆ. ಅದು ಎಲ್ಲೂ ಇರಲಿಲ್ಲ. ಎತ್ತರದ ಕುರ್ಚಿಯಲ್ಲಿ ಕನ್ನಡಕ ಹಾಕಿದ ಒಬ್ಬ ಹೆಂಗಸು ತಲೆ ಬಗ್ಗಿಸಿ ಬರೆಯುತ್ತಿದ್ದರು, ಮೇಲೆ ಒಂದು ಫ್ಯಾನು ಕಟಕಟ ಎನ್ನುತ್ತಿತ್ತು. ಕುಕ್ಕರಿನ ಜಾಗದಲ್ಲಿ ನಮ್ಮ ಹೆಡ್‌ಮಿಸ್ಸಿನಂಥವರನ್ನು ಕಂಡು ನನ್ನ ಭಯ ಕಡಿಮೆಯಾಗಬೇಕಿತ್ತು, ದುಪ್ಪಟ್ಟಾಯಿತು. ಹೆಡ್‌ಮಿಸ್ಸು ಎಂದರೆ ಏನೆಂದು ನನಗೆ ಗೊತ್ತಿತ್ತಲ್ಲ. ಹಿಂದುಗಡೆಯ ಕಟಕಟೆಯಲ್ಲಿ ನವೀನ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈ ಕಟ್ಟಿಕೊಂಡು. ನನ್ನನ್ನು ಕಂಡು ಹುಬ್ಬು ಏರಿಸಿ ನಗಲು ಹೋದ, ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಬಾಗಿಲ ಹತ್ತಿರ ಜವಾನ ಜೋರಾಗಿ ಕೂಗಿದ.

"ಜಯಲಕ್ಷ್ಮೀ ಕೋಂ ನಾಗರಾಜು! ಜಯಲಕ್ಷ್ಮೀ! ಜಯಲಕ್ಷ್ಮೀ!"

ಅಮ್ಮನ ಹೆಸರನ್ನು ಯಾರಾದರೂ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಅವಳು ಅಮ್ಮ, ಅಕ್ಕ, ಲೇ, ಪುಟ್ಟಿ ಅಮ್ಮ. ವರಾಂಡದ ಗೋಡೆಗಳಿಗೆಲ್ಲ ಬಡಿದು ಬಂದ ಆ ಹೆಸರು ಕೇಳಿ, ಇಷ್ಟು ಹೊತ್ತೂ ನಮ್ಮ ಜೊತೆ ಇದ್ದವಳನ್ನು ಯಾರೋ ಕಿತ್ತುಕೊಂಡರು ಎನಿಸಿ ನನಗೆ ಅಳು ಬಂತು. ಮಹಾದೇವಿ ತನ್ನ ಸೆರಗಿನ ತುದಿ ಕೊಟ್ಟಳು.

ಅಮ್ಮ ಪ್ರಮಾಣ ಮಾಡಿದಳು: ದೇವರ ಹೆಸರಿನಲ್ಲಿ ಸತ್ಯವನ್ನೇ ಹೇಳುತ್ತೇನೆ. ಸರ್ಕಾರಿ ವಕೀಲರು ಕೇಳಿದರು. ಅಮ್ಮ ಕಣ್ಣು ಮುಚ್ಚಿದಂತೆ ಮಾಡಿ ಒಂದೇ ಉಸಿರಿಗೆ ಒಪ್ಪಿಸಿದಳು: ಸದರಿ ವಾಹನವನ್ನು ಆರೋಪಿಯು ಅತಿವೇಗ ಹಾಗೂ ಅಜಾಗರೂಕತೆಯಿಂದ. ಹೇಳಿಬಿಟ್ಟಳು. ನನಗಾದದ್ದು ನೆಮ್ಮದಿಯೋ ಹೆದರಿಕೆಯೋ ಗೊತ್ತಾಗಲಿಲ್ಲ. ಸೀನಿ ಮಾಮ ನನ್ನ ಪಕ್ಕದಲ್ಲಿ ತುಟಿ ಅಲ್ಲಾಡಿಸುತ್ತಾ ಅವಳ ಜೊತೆಗೇ ಹೇಳಿಕೊಳ್ಳುತ್ತಿದ್ದ. ಆಮೇಲೆ ಆರೋಪಿ ಪರ ವಕೀಲರು ಎದ್ದರು. ವಯಸ್ಸಾದವರು, ಸೌಟಿನ ಹಾಗೆ ಬಾಗಿದ್ದರು, ತುಂಬಾ ಮೃದುವಾಗಿ ಮಾತಾಡಿದರು.

"ಎಷ್ಟು ಓದಿದೀರಮ್ಮ?"

"ಏಳನೇ ಕ್ಲಾಸು."

"ಅಜಾಗರೂಕತೆ. ಚೆನ್ನಾಗಿದೆ ಮಾತು. ಮನೇಲಿ ದಿನಾ ಹೀಗೇ ಮಾತಾಡ್ತೀರಾ?"

"ಇಲ್ಲ ಸಾರ್."

"ಹಾಗಾದ್ರೆ ಇದನ್ನ ಯಾರು ಹೇಳಿಕೊಟ್ಟಿದ್ದು?"

ಅಮ್ಮ ಹಿಂದಕ್ಕೆ ತಿರುಗಿ ನೋಡಿದಳು. "ನನ್ನ ತಮ್ಮ."

ಕೋರ್ಟು ನಕ್ಕಿತು. ಟೈಪಿಸ್ಟು ನಕ್ಕ, ಬೆಂಚ್ ಕ್ಲರ್ಕು ನಕ್ಕರು. ಸೀನಿ ಮಾಮ ಮುಖಕ್ಕೆ ಕರ್ಚೀಫು ಒತ್ತಿಕೊಂಡು ಬೆಂಚಿನಲ್ಲಿ ಕುಗ್ಗಿಹೋದ. ಮಹಾದೇವಿ ನಗಲಿಲ್ಲ. ಅವಳ ಕೈ ಊರುಗೋಲಿನ ಮೇಲೆ ಬಿಗಿಯಾಗಿತ್ತು.

"ಅಂದ್ರೆ ನೀವು ನೋಡಿದ್ದಲ್ಲ, ತಮ್ಮ ಹೇಳಿಕೊಟ್ಟಿದ್ದು ಹೇಳ್ತಾ ಇದೀರಿ. ಅಲ್ವೇನಮ್ಮ? ಕಾರು ಹೋಗ್ತಿತ್ತು, ಒಳಗೆ ಯಾರಿದ್ರು ನಿಮಗೆ ಕಾಣಿಸ್ಲಿಲ್ಲ."

"ಕಾಣಿಸ್ತು. ಮಾತಾಡಿದ್ನಲ್ಲ ಸಾರ್ ಅವನು!"

ನ್ಯಾಯಾಧೀಶೆ ಮೊದಲ ಸಲ ತಲೆ ಎತ್ತಿದರು. "ಏನು ಮಾತಾಡಿದ? ನನ್ನ ಕಡೆ ನೋಡಿ ಹೇಳಿ."

ಅಮ್ಮ ಅವರ ಮುಖ ನೋಡಿದಳು. ಆಮೇಲೆ ಸದರಿ ಬಿಟ್ಟಳು, ಚಾಲನೆ ಬಿಟ್ಟಳು. ಸಂಪಿನಿಂದ ನೀರು ಬಂದ ಹಾಗೆ ಎಲ್ಲ ಬಂತು. ಚುಕ್ಕಿ, ಎಳೆ, ಚಕ್ರ, ಕಣ್ಣು ಕಾಣಲ್ವೇನೋ, ಇಳಿದ ಗಾಜು, ಸಾರಿ ಆಂಟಿ. ನ್ಯಾಯಾಧೀಶೆ ಅದನ್ನು ಕೋರ್ಟಿನ ಕನ್ನಡಕ್ಕೆ ತಿರುಗಿಸಿ ಟೈಪಿಸ್ಟಿಗೆ ಹೇಳುತ್ತಾ ಹೋದರು: ನಾನು ಮನೆಯ ಮುಂದೆ ರಂಗೋಲಿ ಹಾಕುತ್ತಿದ್ದಾಗ. ವಕೀಲರು ಪೂರ್ತಿ ಆಗುವವರೆಗೂ ಕಾದರು.

"ಈ ರಂಗೋಲಿ ವಿಷಯ ಪೊಲೀಸರಿಗೆ ಹೇಳಿದ್ರಾ?"

"ಅವರು ಕೇಳ್ಲಿಲ್ಲ."

"ಹೇಳಿಲ್ಲ. ಇವತ್ತು ಇಲ್ಲಿ ನಿಂತ್ಕೊಂಡು ಹೊಸದಾಗಿ ಕಟ್ಟಿದ ಕಥೆ ಇದು. ಅವನು ಸಾರಿ ಅನ್ಲೂ ಇಲ್ಲ, ನೀವು ಕೇಳಿಸ್ಕೊಳ್ಳೂ ಇಲ್ಲ."

ಅಮ್ಮನಿಗೆ ಏನಾಯಿತೋ. ಅವಳ ಮುಖದಲ್ಲಿ ನಾನು ದಿನಾ ಸಂಜೆ ಹೊಸಿಲಿನಲ್ಲಿ ಕಾಣುತ್ತಿದ್ದ ಕಣ್ಣು ಬಂತು. ನ್ಯಾಯಾಧೀಶೆಯನ್ನು, ವಕೀಲರನ್ನು, ಎಲ್ಲರನ್ನೂ ಬಿಟ್ಟು ಅವಳು ಹಿಂದಿನ ಕಟಕಟೆಯ ಕಡೆಗೆ ತಿರುಗಿದಳು.

"ನವೀನ. ನನ್ನ ಮುಖ ನೋಡಿ ಹೇಳು. ಅಂದ್ಯೋ ಇಲ್ವೋ?"

ನವೀನ ಅಭ್ಯಾಸಬಲದಿಂದ ತಲೆ ಎತ್ತಿದ. ಅಮ್ಮನ ಮುಖ ನೋಡಿದ. ತುಟಿ ಕಚ್ಚಿಕೊಂಡ. ಅವನ ಬಾಯಿ ತೆರೆಯುವುದನ್ನು ನಾನು ಕಂಡೆ, ಅದರಿಂದ ಏನೂ ಬರದಿರಲಿ ಎಂದು ಒಂದು ಕಡೆ, ಬರಲಿ ಎಂದು ಇನ್ನೊಂದು ಕಡೆ ಬೇಡಿಕೊಂಡೆ. ಅಷ್ಟರಲ್ಲಿ ಅವನ ವಕೀಲರು, "ಯುವರ್ ಆನರ್, ಇದೇನಿದು!" ಎಂದು ಕೂಗಿದರು. ನವೀನ ತಲೆ ತಗ್ಗಿಸಿದ.

"ಏನಮ್ಮ," ಎಂದರು ನ್ಯಾಯಾಧೀಶೆ, "ಇಲ್ಲಿ ಪ್ರಶ್ನೆ ಕೇಳೋರು ನೀವಲ್ಲ. ನೀವು ಸಾಕ್ಷಿ. ಅವನನ್ನ ಕೇಳೋ ಹೊತ್ತು ಬಂದಾಗ ನಾನು ಕೇಳ್ತೀನಿ."

"ತಪ್ಪಾಯ್ತು ತಾಯಿ. ಮನೇಲಿ ಹಿಂಗೇ ಕೇಳಿ ಅಭ್ಯಾಸ."

"ಅದನ್ನ ತಗೋಬೇಡಿ," ಎಂದರು ಅವರು ಟೈಪಿಸ್ಟಿಗೆ. ಅದಾದ ಮೇಲೆ ವಕೀಲರು ಹೇಳಿದ್ದಕ್ಕೆಲ್ಲ ಅಮ್ಮ ಅಲ್ಲ, ಅಲ್ಲ ಎಂದಳು, ಟೈಪಿಸ್ಟು ಅದನ್ನು "ಎಂದರೆ ಸರಿಯಲ್ಲ", "ಎಂದರೆ ಸರಿಯಲ್ಲ" ಎಂದು ಹೊಡೆದ. ಕೆಳಗೆ ಸಹಿ ಹಾಕಿ ಹೊರಗೆ ಬಂದವಳು ನನ್ನ ಕೈ ಹಿಡಿದಳು. ಅವಳ ಅಂಗೈ ಬೆವರಿನಿಂದ ತೊಪ್ಪೆಯಾಗಿತ್ತು. ಅಮ್ಮನಿಗೂ ಭಯವಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಗ, ಮತ್ತು ಅಲ್ಲಿಂದಾಚೆಗೆ ನಾನು ಯಾರ ಆಸರೆಯಲ್ಲಿ ಹೆದರಿಕೊಳ್ಳಬೇಕು ಎಂಬುದು ಹೊಸ ಚಿಂತೆಯಾಯಿತು.

ಮಾರನೆಯ ಬೆಳಿಗ್ಗೆ ಮೋಟಾರು ಸದ್ದು ಮಾಡಲಿಲ್ಲ. ಅಪ್ಪ ಕೆಮ್ಮಿದ. ಯಾರೂ ಬರಲಿಲ್ಲ. ಹಾಗೆ ಕೆಲವು ದಿನ, ಪಕ್ಕದ ರಸ್ತೆಯ ಬೋರ್‌ವೆಲ್ಲಿನಿಂದ ಬಿಂದಿಗೆಯಲ್ಲಿ ನೀರು ತಂದೆವು. ಆಮೇಲೆ ಓನರ್ ಆಂಟಿ ಬಾಗಿಲಲ್ಲಿ ನಿಂತು, ನೆಂಟರು ಬರ್ತಾರೆ, ಪೋರ್ಷನ್ನು ಬೇಕು ಎಂದರು. ಅಮ್ಮನ ಮುಖ ನೋಡದೆ ಹೇಳಿದರು. ಅಮ್ಮ ಆಯ್ತು ಎಂದಳು. ಅಪ್ಪ ಕೆಂಗೇರಿಯಲ್ಲಿ ಮನೆ ಹುಡುಕಿದ. ಆಗ ಅದು ನಮಗೆ ಬೇರೆ ಊರೇ. ಸಾಮಾನು ಸಾಗಿಸುವ ದಿನ ಟೆಂಪೋ ಗೇಟಿನೊಳಕ್ಕೆ ಹಿಂದೆ ಹಿಂದೆ ಬರುತ್ತಿದ್ದಾಗ ಯಾರೋ ಅದರ ಮೈ ತಟ್ಟುತ್ತಾ "ಬರ್ಲಿ, ಬರ್ಲಿ, ಸ್ಟಾಪ್" ಎನ್ನುವುದು ಕೇಳಿಸಿತು. ನವೀನ. ಯಾರೂ ಕರೆಯದೆ ಇಳಿದುಬಂದಿದ್ದ. ಬೀರುವಿನ ಒಂದು ತುದಿ ಅಪ್ಪ, ಇನ್ನೊಂದು ಅವನು. ಕೊನೆಯಲ್ಲಿ ತುಳಸಿ ಕುಂಡ ಎತ್ತಿಕೊಡುತ್ತಾ ಅವನು ತೀರಾ ಸಣ್ಣ ದನಿಯಲ್ಲಿ ಹೇಳಿದ.

"ಅಂದಿದ್ದೆ ಆಂಟಿ."

"ನಂಗೆ ಗೊತ್ತು ಕಣೋ," ಎಂದಳು ಅಮ್ಮ. "ನಂಗ್ಯಾಕೆ ಹೇಳ್ತೀಯ? ಅಲ್ಲಿ ಹೇಳು."

ಎಷ್ಟೋ ದಿನಗಳ ಮೇಲೆ ಸೀನಿ ಮಾಮ ಕೋರ್ಟಿನಲ್ಲಿ ವಿಚಾರಿಸಿಕೊಂಡು ಕೆಂಗೇರಿ ಮನೆಗೆ ಬಂದ. ನಾನು ಆಗಷ್ಟೇ ಹೊಸ ಸ್ಕೂಲಿನಿಂದ ಬಂದು ಹಾಲಿನಲ್ಲಿ ನಿಂತಿದ್ದೆ. ಅಮ್ಮ ಅಡುಗೆಮನೆಯಲ್ಲಿ ನನ್ನ ಟಿಫನ್ ಬಾಕ್ಸು ತೆರೆಯುತ್ತಿದ್ದಳು.

"ಶಿಕ್ಷೆ ಆಯ್ತಕ್ಕ. ಕೆಲವು ತಿಂಗಳು ಜೈಲು, ದಂಡ. ಅಪೀಲು ಹಾಕ್ತಾರಂತೆ."

ಅಮ್ಮ ತಿರುಗಲಿಲ್ಲ.

"ಸಾಕ್ಷಿಗಳೆಲ್ಲ ಮುಗಿದ ಮೇಲೆ ಜಡ್ಜು ಆರೋಪೀನ ಕೇಳ್ತಾರೆ, ಇವರು ಹಿಂಗೆ ಹೇಳಿದಾರೆ, ಏನಂತೀಯ ಅಂತ. ಎಲ್ಲಾ ಆರೋಪಿಗಳೂ ಸುಳ್ಳು ಸುಳ್ಳು ಅಂತಾರೆ, ಅದೇ ವಾಡಿಕೆ. ಇವನೂ ಎಲ್ಲದಕ್ಕೂ ಸುಳ್ಳು ಅಂದ್ನಂತೆ. ರಂಗೋಲಿದು ಬಂತಂತೆ. ಸಾಕ್ಷಿ ಬೈದಾಗ ನೀನು ಸಾರಿ ಆಂಟಿ ಅಂದೆ ಅಂತ ಹೇಳಿದಾರೆ, ಏನಂತೀಯ ಅಂತ ಕೇಳಿದ್ರಂತೆ. ತಲೆ ಎತ್ತಿ 'ನಿಜ' ಅಂದ್ನಂತೆ ಅಕ್ಕ. ಅವರ ಲಾಯರ್ರು ತಲೆ ಚಚ್ಕೊಂಡ್ರಂತೆ. ನೀನು ಗೆದ್ದೆ."

ಅಮ್ಮ ಒಲೆ ಆರಿಸಿದಳು. ನೆಲದ ಮೇಲೆ ಕೂತಳು, ಮೊಣಕಾಲು ಮಡಿಸಿ, ಗೋಡೆಗೆ ಒರಗಿ. "ಹುಡುಗ," ಎಂದಳು ಅಷ್ಟೇ. ಮಾಮ ಅಪ್ಪನನ್ನು ಹುಡುಕಿಕೊಂಡು ಹೊರಗೆ ಹೋದ. ಅವಳ ತೊಡೆಯ ಮೇಲೆ ನನ್ನ ಡಬ್ಬಿ ಇತ್ತು. ಖಾಲಿ ಡಬ್ಬಿ.

"ತಿಂದ್ಯಾ?" ಎಂದು ಕೇಳಿದಳು.

"ತಿಂದೆ," ಎಂದೆ, ನನ್ನ ಸಾಕ್ಸು ನೋಡುತ್ತಾ.

ಕಾದೆ. ಅವಳು ಹೂಂ ಎಂದು ಡಬ್ಬಿಯ ಮುಚ್ಚಳ ಹಾಕಿದಳು.

ಮುಖ ನೋಡಿ ಹೇಳು ಎಂದು ಅಮ್ಮ ಅಂದೂ ಅನ್ನಲಿಲ್ಲ, ಆಮೇಲೆ ಯಾವತ್ತೂ, ಯಾರಿಗೂ ಅನ್ನಲಿಲ್ಲ. ಪೇದೆ ಬಂದಾಗ, ಜವಾನ ಕೂಗಿದಾಗ, ಮೋಟಾರು ನಿಂತಾಗ ಆಗಿದ್ದ ಭಯಗಳೆಲ್ಲ ಸೇರಿದರೂ ಆ ಹೂಂ ಕೇಳಿದಾಗ ಆದಷ್ಟು ಆಗಿರಲಿಲ್ಲ. ಇನ್ನು ಮುಂದೆ ಈ ಮನೆಯಲ್ಲಿ ನಾನು ಏನು ಹೇಳಿದರೂ ನಡೆಯುತ್ತದೆ. ನಾನು ಹೊಸಿಲು ದಾಟಿ ಹೋಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ, ಅವಳ ಮುಖ ನನ್ನ ಮುಖದ ಎದುರಿಗೆ ಬರುವ ಹಾಗೆ.

"ಅಮ್ಮಾ, ತಿಂದಿಲ್ಲ," ಎಂದೆ.